ಚಾವಡಿಯೂ ಊಟದ ಕೋಣೆಯೂ

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಮಳೆಗಾಲವು ಕಳೆದು ತುಳಸಿಪೂಜೆಯಾಯಿತೆಂದರೆ ಮನೆ ಒಕ್ಕಲಿನ ಕಾಗದಗಳು ಒಂದರ ಹಿಂದೊಂದು ಬರತೊಡಗುವುವು. ಅಡಿಕೆಯ ಬೆಲೆಯು ಕೈಹಿಡಿದ ವರ್ಷವಾದರಂತೂ ಒಂದೇ ದಿನ ಎರಡು ಮೂರು ಕಡೆಗೆ ಹೋಗಿ ಉಂಡು ಬರಬೇಕಾಗುವುದು. ಅಡಿಪಾಯಕ್ಕೆಷ್ಟು, ಗೋಡೆಗೆಷ್ಟು, ಮಾಡಿಗೆಷ್ಟು ಎಂದು ಎರಡು ವರ್ಷ ಮೊದಲೇ ಲೆಕ್ಕ ಹಾಕುವ ಗೃಹಸ್ಥನು, ಆ ಮನೆಯೊಳಗೆ ಏನನ್ನಿಡಬೇಕೆಂಬುದನ್ನು ಮಾತ್ರ ಒಕ್ಕಲಿಗೆ ಹದಿನೈದು ದಿನ ಉಳಿದಿರುವಾಗ ಯೋಚಿಸತೊಡಗುವನು. ಆಗ ಕೈಯಲ್ಲಿ ಹಣವೂ ಕಡಿಮೆ, ಸಮಯವೂ ಕಡಿಮೆ. ಪೇಟೆಯ ಅಂಗಡಿಯಲ್ಲಿ ಎದುರಿಗೆ ಕಂಡ ಆಸನಗಳೇ ಚಾವಡಿಗೆ ಬರುವುವು; ಅದರ ಬಣ್ಣಕ್ಕೆ ಹೊಂದುವ ನಾಲ್ಕು ಚಿತ್ರಗಳೂ ಅದೇ ಲಾರಿಯಲ್ಲಿ ಬರುವುವು. ಮುಂದಿನ ಹತ್ತಿಪ್ಪತ್ತು ವರ್ಷ ಮನೆಯವರು ಆ ಹದಿನೈದು ದಿನಗಳ ಅವಸರದೊಡನೆಯೇ ಬಾಳಬೇಕಾಗುವುದು.

ಆದುದರಿಂದ ಈ ಎರಡು ಕೋಣೆಗಳ ವಿಷಯವಾಗಿ ನಮಗೆ ತೋರಿದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಲು ಬಯಸುತ್ತೇವೆ. ಅವೆಲ್ಲವುಗಳ ಸಾರವು ಇಷ್ಟೇ: ಅಲ್ಲಿ ದಿನಾಲು ಕುಳಿತು ಏಳುವವರನ್ನೂ, ವರ್ಷಕ್ಕೆ ನಾಲ್ಕು ತಿಂಗಳು ಸುರಿಯುವ ಮಳೆಯನ್ನೂ ಕಣ್ಣೆದುರಿಗಿಟ್ಟುಕೊಂಡು ಕೋಣೆಯನ್ನು ಸಜ್ಜುಗೊಳಿಸಬೇಕು. ಬಂದುಹೋಗುವವರ ಕಣ್ಣಿಗಾಗಿ ಸಜ್ಜಾದ ಕೋಣೆಯು ಮನೆಯವರಿಗೆ ಒದಗುವುದಿಲ್ಲ. ಬಂದವರೂ ಅದನ್ನು ಒಂದು ಗಳಿಗೆ ನೋಡಿ ಮರೆಯುವರು.

ನಮ್ಮ ಹಿರಿಯರ ಹಂಚಿನ ಮನೆಗಳನ್ನು ಮೊದಲು ನೆನೆಯೋಣ. 1865ರಲ್ಲಿ ಬಾಸೆಲ್ ಮಿಶನಿನ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ತರುವಾಯ, ಮುಳಿಹುಲ್ಲು ಮತ್ತು ಸೋಗೆಯ ಮಾಡುಗಳಿದ್ದಲ್ಲಿ ಕ್ರಮೇಣ ಹಂಚು ಏರಿತು. ಆ ಮಾಡಿನಡಿಯ ಚಾವಡಿಯಲ್ಲಿ ಸಾಮಾನುಗಳು ಸ್ವಲ್ಪವೇ ಇದ್ದುವು: ಹಲಸಿನ ಮರದ ಒಂದು ಬೆಂಚು, ಉದ್ದ ಕೈಗಳ ಒಂದು ಆರಾಮಕುರ್ಚಿ, ಅನುಕೂಲಸ್ಥರ ಮನೆಯಾದರೆ ಒಂದು ಉಯ್ಯಾಲೆ, ಗೋಡೆಯ ಬದಿಯಲ್ಲಿ ಕಾಗದಪತ್ರಗಳ ಪೆಟ್ಟಿಗೆ, ಸುತ್ತಿಟ್ಟ ಚಾಪೆಗಳು, ಕವಳದ ಹರಿವಾಣ, ಕಾಲುದೀಪ. ಇವುಗಳಲ್ಲಿ ಕೆಲಸವಿಲ್ಲದ ವಸ್ತು ಒಂದೂ ಇರಲಿಲ್ಲ. ಜನ ಹೆಚ್ಚಾದಲ್ಲಿ ಚಾಪೆಯು ಬಿಚ್ಚಿಕೊಳ್ಳುತ್ತಿತ್ತು. ಜನ ಹೋದಮೇಲೆ ಚಾವಡಿಯು ಮತ್ತೆ ಖಾಲಿಯಾಗಿ ಮಕ್ಕಳಿಗೆ ಆಟಕ್ಕೂ, ಮಳೆಗಾಲದಲ್ಲಿ ಬಟ್ಟೆ ಆರಹಾಕುವುದಕ್ಕೂ ಒದಗುತ್ತಿತ್ತು.

ಆ ಮನೆಗಳಿಗೆ ಕುಂದುಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ಕಿಟಕಿಗಳು ಸಣ್ಣವು, ಒಳಗೆ ಹಗಲೇ ಕತ್ತಲೆ. ಚಾವಡಿಯು ಗಂಡಸರ ಪಾಲಾಗಿತ್ತು. ಹೆಂಗಸರು ಅಡುಗೆಮನೆಯ ಹೊಗೆಯಲ್ಲಿಯೇ ದಿನವನ್ನು ಕಳೆದು, ಎಲ್ಲರ ಊಟವಾದಮೇಲೆ ಉಳಿದುದನ್ನು ಉಣ್ಣುತ್ತಿದ್ದರು. ಹಿಂದಿನದರಿಂದ ಕಲಿಯುವಾಗ ಅದರ ಮಿತವನ್ನು ಕಲಿಯೋಣ. ಅದರ ಕತ್ತಲೆಯನ್ನು ಅಲ್ಲಿಯೇ ಬಿಟ್ಟುಬರೋಣ.

ಈಗಿನ ಮನೆಗಳಲ್ಲಿ ಚಾವಡಿಯೂ ಊಟದ ಕೋಣೆಯೂ ಹೆಚ್ಚಾಗಿ ಒಂದೇ ಉದ್ದನೆಯ ಕೋಣೆಯ ಎರಡು ಭಾಗಗಳಾಗಿರುವುವು. ನಡುವೆ ಒಂದು ಕಮಾನೋ ಒಂದು ಅರೆಗೋಡೆಯೋ ಇರುವುದು. ಆದಕಾರಣ ಇವೆರಡನ್ನೂ ಒಟ್ಟಾಗಿಯೇ ಯೋಚಿಸಬೇಕು. ಒಂದು ಕಡೆ ಒಂದು ಬಗೆಯ ಮರ, ಇನ್ನೊಂದು ಕಡೆ ಬೇರೊಂದು ಬಣ್ಣದ ಹಲಗೆ ಎಂದಾದರೆ ಕಣ್ಣಿಗೆ ನೆಮ್ಮದಿಯಿರದು.

ಇನ್ನು ನಮ್ಮ ಸೀಮೆಯಲ್ಲಿ ಪೀಠೋಪಕರಣಗಳ ಮೊದಲನೆಯ ಪರೀಕ್ಷಕನು ಮಳೆರಾಯನು. ಘಟ್ಟದ ಬುಡದ ಈ ತಾಲೂಕುಗಳಲ್ಲಿ ವರ್ಷಕ್ಕೆ 3500 ಮಿಲ್ಲಿಮೀಟರಿಗೂ ಮಿಕ್ಕಿ ಮಳೆಯಾಗುವುದು. ಇದು ಮೈಸೂರು ಪಟ್ಟಣದ ಮಳೆಯ ನಾಲ್ಕು ಪಾಲಿಗಿಂತಲೂ ಹೆಚ್ಚು. ಆಷಾಢದಲ್ಲಿ ಗಾಳಿಯ ತೇವಾಂಶವು ಅನೇಕ ದಿನ ಶೇಕಡಾ 90ರ ಆಸುಪಾಸಿನಲ್ಲಿಯೇ ನಿಲ್ಲುವುದು. ಶೇಕಡಾ 70 ದಾಟಿದಲ್ಲಿಯೇ ಬೂಸಲಿಗೆ ಹಬ್ಬ. ಹೀಗಿರಲು ಒಣಹವೆಯ ನಗರಗಳಿಗಾಗಿ ತಯಾರಾದ ಸಾಮಾನುಗಳನ್ನು ಚಿತ್ರ ನೋಡಿ ತರಿಸಿಕೊಳ್ಳುವವರು ಎರಡು ಬಾರಿ ಯೋಚಿಸತಕ್ಕದ್ದು. ಮರದ ಹುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಗಳು ನೀರು ತಗಲಿದೊಡನೆ ಅಂಚಿನಲ್ಲಿ ಉಬ್ಬುವುವು. ಒಮ್ಮೆ ಉಬ್ಬಿದ ಹಲಗೆಯನ್ನು ಯಾವ ಬಡಗಿಯೂ ಸರಿಮಾಡಲಾರನು. ಕೃತಕ ಚರ್ಮದ ಹೊದಿಕೆಯ ಮೇಲ್ಪದರವು ತೇವದಿಂದಲೇ ಶಿಥಿಲವಾಗಿ ಕೆಲವೇ ವರ್ಷಗಳಲ್ಲಿ ಸಿಪ್ಪೆಸಿಪ್ಪೆಯಾಗಿ ಏಳುವುದು. ತಳದವರೆಗೂ ಬಟ್ಟೆ ಹೊಲಿದ ದಪ್ಪ ಮೆತ್ತೆಯ ಆಸನಗಳು ಆಟಿಯ ತಿಂಗಳಲ್ಲಿ ನಾರತೊಡಗುವುವು. ಪ್ಲೈವುಡ್ಡನ್ನೇ ಬಳಸುವುದಾದರೆ ಐ.ಎಸ್. 710 ಎಂಬ ಮುದ್ರೆಯುಳ್ಳ, ನೀರನ್ನು ತಡೆಯುವ ಜಾತಿಯದನ್ನೇ ಕೇಳಿ ಪಡೆಯಬೇಕು. ಸಾಧಾರಣ ಜಾತಿಯದು ಅಗ್ಗವೆಂದು ತಂದರೆ ಎರಡು ಸಲ ಕೊಂಡಂತಾಗುವುದು.

ನಮಗೆ ಒಗ್ಗುವ ಮರವು ನಮ್ಮ ಹಿತ್ತಿಲಿನಲ್ಲಿಯೇ ಇದೆ. ಹಲಸಿನ ತಿರುಳು ಹೊಸತರಲ್ಲಿ ಹಳದಿಯಾಗಿದ್ದು, ವರ್ಷ ಕಳೆದಂತೆ ಕೆಂಪು ಮಿಶ್ರವಾದ ಕಂದುಬಣ್ಣಕ್ಕೆ ತಿರುಗುವುದು. ಒರಲೆಗೆ ಅದು ಬೇಗನೆ ಬಗ್ಗದು. ಹೆಬ್ಬಲಸು, ತೇಗ, ಕಿರಾಲ್‌ಬೋಗಿಗಳೂ ಈ ಸೀಮೆಯ ಪರಿಚಿತ ಮರಗಳೇ. ಸ್ವಂತ ಜಾಗದ ಮರವನ್ನು ಕಡಿಯುವುದಾದರೂ ಮೊದಲು ಅರಣ್ಯ ಇಲಾಖೆಯ ನಿಯಮವನ್ನು ವಿಚಾರಿಸಿಕೊಳ್ಳಬೇಕು. ಮರವು ಎಷ್ಟು ಒಳ್ಳೆಯದಾದರೂ ಹಸಿಯಾಗಿದ್ದರೆ ಪ್ರಯೋಜನವಿಲ್ಲ. ಸೀಳಿದ ಹಲಗೆಗಳನ್ನು ನೆರಳಿನಲ್ಲಿ, ಒಂದರ ಮೇಲೊಂದು, ನಡುನಡುವೆ ಪಟ್ಟಿಗಳನ್ನಿಟ್ಟು ಗಾಳಿಯಾಡುವಂತೆ ಪೇರಿಸಬೇಕು. ಇಂಚು ದಪ್ಪಕ್ಕೆ ಒಂದು ವರ್ಷವೆಂಬುದು ಸ್ಥೂಲವಾದ ಲೆಕ್ಕ. ಅಂದರೆ ಮನೆಗೆ ಕೆಸರುಗಲ್ಲು ಹಾಕುವ ದಿನವೇ ಮೇಜಿನ ಮರವನ್ನೂ ಸೀಳಿಸಿಡುವವನು ಜಾಣ ಗೃಹಸ್ಥನು. ಒಕ್ಕಲಿನ ಹೊತ್ತಿಗೆ ಮರವೂ ಒಣಗಿರುವುದು, ಹಣವೂ ಸ್ವಲ್ಪ ಸ್ವಲ್ಪವಾಗಿ ಹೋಗಿರುವುದು.

ಆಸನಗಳ ವಿಷಯದಲ್ಲಿ ಮೂರು ಸಂಗತಿಗಳನ್ನು ನೋಡಿಕೊಂಡರೆ ಸಾಕು. ಒಂದನೆಯದು, ಕಾಲುಗಳು ನೆಲದಿಂದ ಐದಾರು ಇಂಚಾದರೂ ತೆರೆದಿರಬೇಕು. ಆಗ ಹಿಡಿಸೂಡಿಯೂ ಹೋಗುವುದು, ಗಾಳಿಯೂ ಹೋಗುವುದು, ಒರಲೆಯ ದಾರಿಯೂ ಕಣ್ಣಿಗೆ ಬೀಳುವುದು. ಎರಡನೆಯದು, ಮೆತ್ತೆಗಳ ಹೊದಿಕೆಯು ಬಿಚ್ಚಿ ಒಗೆಯುವಂತಹ ಹತ್ತಿಯದಾಗಿರಬೇಕು. ಬೆತ್ತದ ಹೆಣಿಗೆಯ ಕುರ್ಚಿಗಳು ನಮ್ಮ ಸೆಕೆಗೆ ಬಹಳ ಹಿತ. ಬೆನ್ನಿಗೆ ಬೆವರು ನಿಲ್ಲದು. ಆದರೆ ಮಳೆಗಾಲದಲ್ಲಿ ಅವುಗಳನ್ನು ಮೂಲೆಗೆ ತಳ್ಳದೆ ಬಳಸುತ್ತಿರಬೇಕು, ಬಿಸಿಲು ಬಂದ ದಿನ ಹೊರಗಿಡಬೇಕು. ಮೂರನೆಯದೇ ಎಲ್ಲಕ್ಕಿಂತ ಮುಖ್ಯವಾದುದು: ಆಸನದ ಎತ್ತರ. ಈಗ ಮಾರಾಟಕ್ಕೆ ಬರುವ ಅನೇಕ ಸೋಫಾಗಳು ನೆಲಕ್ಕೆ ಹತ್ತಿರವಾಗಿಯೂ, ಒಳಗೆ ಹೂತುಹೋಗುವಂತೆಯೂ ಇರುವುವು. ಅಂಗಡಿಯಲ್ಲಿ ಐದು ನಿಮಿಷ ಕುಳಿತ ಮಗನಿಗೆ ಅದು ಸುಖವೆನಿಸುವುದು. ಮಂಡಿನೋವಿನ ಅಜ್ಜಿಯು ಅದರಲ್ಲಿ ಒಮ್ಮೆ ಕುಳಿತು, ಏಳುವುದಕ್ಕೆ ಇಬ್ಬರ ಕೈಹಿಡಿಯಬೇಕಾಗಿ ಬಂದ ಮೇಲೆ ಪುನಃ ಚಾವಡಿಗೆ ಬರುವುದನ್ನೇ ಬಿಡುವಳು. ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯೇ ಅವಳ ಸ್ಥಾನವಾಗುವುದು. ತಾನು ಬಾಳಿದ ಮನೆಯಲ್ಲಿ ಹಿರಿಯರು ಹೀಗೆ ಅಂಚಿಗೆ ಸರಿಯುವುದನ್ನು ಯಾರೂ ಬಯಸಿ ಮಾಡುವುದಿಲ್ಲ. ಅಳತೆಯನ್ನು ನೋಡದೆ ಮಾಡುವರು. ನೆಲದಿಂದ 18 ಇಂಚು ಎತ್ತರದ, ಗಟ್ಟಿ ತಳದ, ಹಿಡಿದು ಏಳಲು ಎರಡು ಕೈಗಳುಳ್ಳ ಕುರ್ಚಿಯೊಂದು ಚಾವಡಿಯಲ್ಲಿ ಇರಲೇಬೇಕು. ಅದು ಗೋಡೆಯ ಮೂಲೆಯಲ್ಲಿರದೆ, ಮಾತು ನಡೆಯುವ ನಡುವಿನಲ್ಲಿರಬೇಕು.

ನೆಲಕ್ಕೆ ಹಾಸುವ ವಸ್ತುಗಳಲ್ಲಿ ದಪ್ಪ ಉಣ್ಣೆಯ ರತ್ನಗಂಬಳಿಗಳು ನಮ್ಮ ಹವೆಗೆ ಸಲ್ಲವು. ನವಲಗುಂದದ ಹತ್ತಿಯ ಜಮಖಾನೆಯು ನೋಡುವುದಕ್ಕೂ ಚೆಂದ, ನಮ್ಮ ಕರ್ನಾಟಕದ ಹೆಂಗಸರ ಕೈನೇಯ್ಗೆಯೂ ಹೌದು. ಅದನ್ನು ಕಾರ್ತಿಕದಿಂದ ವೈಶಾಖದವರೆಗೆ ಹಾಸಿ, ಮಳೆ ಹಿಡಿಯುವ ಮೊದಲು ಬಿಸಿಲಿಗೆ ಹಾಕಿ ಸುತ್ತಿ ಅಟ್ಟದಲ್ಲಿಡಬಹುದು. ಮಳೆಗಾಲಕ್ಕೆ ಓಲೆಯ ಚಾಪೆಯೇ ಸಾಕು. ಕಿಟಕಿಯ ಪರದೆಗಳಿಗೆ ತೆಳುವಾದ ಕೈಮಗ್ಗದ ಬಟ್ಟೆಯು ಉತ್ತಮ. 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆದ ಉಡುಪಿಯ ಕೈಮಗ್ಗದ ಸೀರೆಗಳು ಅನೇಕರ ಪೆಟ್ಟಿಗೆಗಳಲ್ಲಿ ಇನ್ನೂ ಇರುವುವು. ಅಂಚು ಹರಿದು ಉಡಲಾಗದ ಸೀರೆಯು ಪರದೆಯಾಗಿ ಇನ್ನಷ್ಟು ಕಾಲ ಬಾಳುವುದಲ್ಲದೆ, ಉಟ್ಟವರ ನೆನಪನ್ನೂ ಬೆಳಕಿನಲ್ಲಿಡುವುದು.

ಈಗ ಊಟದ ಕೋಣೆಗೆ ಬರುವ. ನೆಲದಲ್ಲಿ ಮಣೆ ಹಾಕಿ ಪಂಕ್ತಿಯಲ್ಲಿ ಉಣ್ಣುವ ಪದ್ಧತಿಗೆ ಒಂದು ದೊಡ್ಡ ಗುಣವಿತ್ತು: ಹತ್ತು ಜನ ಬಂದರೂ ಇಪ್ಪತ್ತು ಜನ ಬಂದರೂ ಸ್ಥಳವು ಸಾಲದೆಂಬ ಮಾತಿರಲಿಲ್ಲ. ಮೇಜು ಬಂದಮೇಲೆ ಎಷ್ಟು ಕುರ್ಚಿಯೋ ಅಷ್ಟೇ ಜನ. ಆರು ಜನರ ಮನೆಗೆ ನಾಲ್ಕು ಕುರ್ಚಿಯ ಮೇಜನ್ನು ತಂದಲ್ಲಿ ಉಳಿಯುವ ಇಬ್ಬರು ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಡಿಸುವವಳು ನಿಂತೇ ಇರುವಳು. ಅವಳ ಜೊತೆಗೆ ಅತ್ತೆಯೋ ನಾದಿನಿಯೋ ನಿಲ್ಲುವಳು. ಹಳೆಯ ಮನೆಯ ಕತ್ತಲೆಯು ಹೀಗೆ ಹೊಳೆಯುವ ಗಾಜಿನ ಮೇಜಿನ ರೂಪದಲ್ಲಿ ಹೊಸ ಮನೆಗೂ ಬರುವುದು. ಆದುದರಿಂದ ಮೇಜನ್ನು ಕೊಳ್ಳುವಾಗ ಮೊದಲನೆಯ ಪ್ರಶ್ನೆಯು ಮರದ್ದೂ ಅಲ್ಲ, ಬೆಲೆಯದೂ ಅಲ್ಲ. ಮನೆಯಲ್ಲಿರುವ ಸಕಲರೂ ಒಂದೇ ಹೊತ್ತಿಗೆ ಕುಳಿತುಕೊಳ್ಳಬಹುದೇ ಎಂಬುದು. ಪಾತ್ರೆಗಳನ್ನು ಮೇಜಿನ ನಡುವೆಯೇ ಇಟ್ಟು ಅವರವರೇ ಬಡಿಸಿಕೊಂಡರೆ ಮಾಡಿದವಳಿಗೂ ಬಿಸಿಬಿಸಿ ಅನ್ನವು ಸಿಕ್ಕುವುದು.

ಅಳತೆಯನ್ನು ಹೇಳುವುದಾದರೆ, ಪೇಟೆಯ ಲೆಕ್ಕದಲ್ಲಿ ಒಬ್ಬನಿಗೆ ಮೇಜಿನ ಅಂಚು 24 ಇಂಚು ಸಾಕು. ಆದರೆ ಆ ಲೆಕ್ಕವು ಬಟ್ಟಲಿಗಾಗಿ ಮಾಡಿದ್ದು. ಹಬ್ಬದ ದಿನ ನಾವು ಕೊಡಿಬಾಳೆ ಎಲೆಯನ್ನು ಹಾಕುವವರು. ಎಲೆಗೆ ಉಪ್ಪಿನಿಂದ ತೊಡಗಿ ಹೋಳಿಗೆಯ ತನಕ ಬಡಿಸುವವರು. ನಮಗೆ ಒಬ್ಬೊಬ್ಬರಿಗೆ 27 ಇಂಚಾದರೂ ಬೇಕು. ಎದುರೆದುರಾಗಿ ಎರಡು ಎಲೆಗಳೂ ನಡುವೆ ಪಾತ್ರೆಗಳೂ ಹಿಡಿಯಬೇಕಾದರೆ ಅಗಲವು 3 ಅಡಿಗೆ ಕಡಿಮೆಯಾಗಬಾರದು. ಹೀಗೆ ಒಂದು ಬದಿಗೆ ಮೂವರಂತೆ ಆರು ಜನರಿಗೆ 6 ಅಡಿ 9 ಇಂಚು ಉದ್ದದ ಮೇಜು ಬೇಕಾಗುವುದು. ಎತ್ತರ 30 ಇಂಚು. ಕುರ್ಚಿಯನ್ನು ಹಿಂದೆ ತಳ್ಳಿ ಏಳುವುದಕ್ಕೂ, ಬೆನ್ನ ಹಿಂದಿನಿಂದ ಒಬ್ಬರು ದಾಟುವುದಕ್ಕೂ 3 ಅಡಿ ಜಾಗವನ್ನು ಬಿಡಬೇಕು. ಕೋಣೆಯು ಸಣ್ಣದಾದಲ್ಲಿ ಒಂದು ಬದಿಗೆ ಕುರ್ಚಿಗಳ ಬದಲು ಉದ್ದನೆಯ ಬೆಂಚನ್ನು ಮಾಡಿಸುವುದು ಬಲು ಜಾಣತನ. ಮೂವರು ಕೂರುವಲ್ಲಿ ನಾಲ್ವರು ಮಕ್ಕಳು ಕೂರುವರು. ಊಟವಾದಮೇಲೆ ಅದು ಮೇಜಿನಡಿಗೆ ಸರಿಯುವುದು. ಹಳೆಯ ಚಾವಡಿಯ ಹಲಸಿನ ಬೆಂಚು ನಿಮ್ಮಲ್ಲಿದ್ದರೆ ಅದರ ಎತ್ತರವನ್ನು ಒಮ್ಮೆ ಅಳೆದು ನೋಡಿ. ಮಾಡಿಸುವ ಖರ್ಚೇ ಉಳಿದೀತು.

ಮೇಜಿನ ಮೇಲಿನ ದೀಪವು ಹಳದಿ ಬೆಳಕಿನದಾಗಿರಲಿ. ದೀಪದ ಪೆಟ್ಟಿಗೆಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದು ಬರೆದಿರುವುದು ಈ ಜಾತಿಯದು. 6500 ಎಂದು ಬರೆದ ನೀಲಿಮಿಶ್ರವಾದ ಬಿಳಿಯ ಬೆಳಕಿನಡಿಯಲ್ಲಿ ಸಾರಿನ ಬಣ್ಣವೂ, ಉಣ್ಣುವವರ ಮುಖವೂ ಬಾಡಿದಂತೆ ತೋರುವುವು.

ಇನ್ನು ಚಿತ್ರಗಳ ವಿಷಯ. ನಮ್ಮ ಹಳೆಯ ಚಾವಡಿಗಳಲ್ಲಿ ಚಿತ್ರಗಳ ಸಾಲೊಂದು ತಲೆಗಿಂತ ಮೇಲೆ, ಮಾಡಿನ ಅಡ್ಡದ ಕೆಳಗೆ, ಮುಂದಕ್ಕೆ ಬಾಗಿದಂತೆ ತೂಗುತ್ತಿತ್ತು. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ತೆರೆದ ಮುದ್ರಣಾಲಯದಿಂದ ಹೊರಟ ಲಕ್ಷ್ಮೀ ಸರಸ್ವತಿಯರ ವರ್ಣಚಿತ್ರಗಳೂ, ಅವುಗಳ ಅನುಕರಣಗಳೂ ಹಳ್ಳಿಹಳ್ಳಿಗೆ ಬಂದುವು. ಅದಕ್ಕಿಂತ ಮೊದಲು ಸಾಮಾನ್ಯನ ಮನೆಯ ಗೋಡೆಗೆ ಬಣ್ಣದ ಚಿತ್ರವೆಂಬುದೇ ದುರ್ಲಭವಾಗಿತ್ತು. ಚಿತ್ರವನ್ನು ಮುಂದಕ್ಕೆ ಬಾಗಿಸಿ ತೂಗಹಾಕುವುದರಲ್ಲಿ ಎರಡು ಲಾಭಗಳಿದ್ದುವು: ಚಾಪೆಯ ಮೇಲೆ ಕುಳಿತವನಿಗೆ ಅದು ನೇರವಾಗಿ ಕಾಣುತ್ತಿತ್ತು, ಹಿಂದಿನಿಂದ ಗಾಳಿಯೂ ಆಡುತ್ತಿತ್ತು. ನಾವೀಗ ಕುರ್ಚಿಗೆ ಏರಿರುವೆವು; ಆದರೂ ಮೊಳೆಯನ್ನು ಮಾತ್ರ ಹಳೆಯ ಎತ್ತರದಲ್ಲಿಯೇ ಹೊಡೆಯುವೆವು. ನಿಂತು ನೋಡುವ ಸ್ಥಳದಲ್ಲಿ ಚಿತ್ರದ ನಡುವು ನೆಲದಿಂದ 58ರಿಂದ 60 ಇಂಚಿನೊಳಗಿದ್ದರೆ ಕಣ್ಣಿಗೆ ಸಮವಾಗುವುದು. ಊಟದ ಮೇಜಿನ ಬಳಿ, ಕುಳಿತೇ ನೋಡುವಲ್ಲಿ, ಇನ್ನೂ ಏಳೆಂಟು ಇಂಚು ಕೆಳಗಿಡಬಹುದು. ಆಸನದ ಮೇಲ್ಗಡೆ ಹಾಕುವ ಚಿತ್ರವು ಆ ಆಸನದ ಉದ್ದದ ಮೂರರಲ್ಲಿ ಎರಡು ಪಾಲಿನಷ್ಟು ಅಗಲವಾಗಿದ್ದು, ಬೆನ್ನೊರಗಿನಿಂದ ಆರೆಂಟು ಇಂಚು ಮೇಲಿದ್ದರೆ ಎರಡೂ ಒಂದಕ್ಕೊಂದು ಸಂಬಂಧಪಟ್ಟಂತೆ ತೋರುವುವು. ದೊಡ್ಡ ಗೋಡೆಗೆ ಅಂಚೆಯ ಚೀಟಿಯಂತಹ ಸಣ್ಣ ಚಿತ್ರವನ್ನು ಒಂಟಿಯಾಗಿ ತೂಗಹಾಕಬಾರದು.

ಯಾವ ಚಿತ್ರವನ್ನು ಹಾಕಬೇಕೆಂದು ಯಾರಿಗೂ ಅಪ್ಪಣೆ ಕೊಡುವ ಅಧಿಕಾರವು ನಮಗಿಲ್ಲ. ಈ ಮೂರು ತಾಲೂಕುಗಳಲ್ಲಿ ತುಳು, ಕನ್ನಡ, ಅರೆಭಾಷೆ, ಹವ್ಯಕ, ಬ್ಯಾರಿ, ಕೊಂಕಣಿ, ಮಲಯಾಳಗಳನ್ನಾಡುವ ಮನೆಗಳು ಬೇಲಿಗೆ ಬೇಲಿ ತಾಗಿ ಇರುವುವು. ಒಂದು ಮನೆಯಲ್ಲಿ ದೇವರ ಪಟ, ಒಂದು ಮನೆಯಲ್ಲಿ ಸುಂದರವಾದ ಅರಬೀ ಬರಹ, ಇನ್ನೊಂದರಲ್ಲಿ ಯೇಸುವಿನ ಚಿತ್ರ, ಹೀಗೆ ಅವರವರ ಭಕ್ತಿಗೆ ತಕ್ಕುದು ಇದ್ದೇ ಇರುವುದು. ಭಕ್ತಿಯಿಂದ ಇಟ್ಟ ಪಟಕ್ಕೆ ಪ್ರತ್ಯೇಕವಾದ, ಶಾಂತವಾದ ಸ್ಥಳವನ್ನು ಕೊಡಬೇಕೆಂಬುದಷ್ಟೇ ನಮ್ಮ ಸೂಚನೆ. ದೂರದರ್ಶನದ ಪೆಟ್ಟಿಗೆಯ ನೆತ್ತಿಯ ಮೇಲೆ ಅದು ಶೋಭಿಸದು.

ಈ ಸಂಬಂಧದಲ್ಲಿ ಇನ್ನೊಂದು ಮಾತನ್ನು ಹೇಳದೆ ಇರಲಾರೆವು. 2022ರಲ್ಲಿ ‘ಕಾಂತಾರ’ ಚಲನಚಿತ್ರವು ಬಂದ ತರುವಾಯ ಪಂಜುರ್ಲಿಯ ಮೊಗದ ಅನುಕೃತಿಗಳು ಗೋಡೆಯ ಅಲಂಕಾರವಾಗಿ ಮಾರಾಟಕ್ಕೆ ಬಂದಿರುವುವು. ದೂರದ ಊರಿನವನಿಗೆ ಅದು ಚೆಲುವಾದ ಒಂದು ಮುಖವಾಡ. ನಮ್ಮ ನೆರೆಕರೆಯಲ್ಲಿ ಆ ಮೊಗವನ್ನು ದೈವಸ್ಥಾನದಲ್ಲಿ ಮಡಿಯಿಂದ ಇರಿಸಿ, ಕಟ್ಟುಕಟ್ಟಳೆಯ ದಿನ ಮಾತ್ರ ಹೊರಗೆ ತೆಗೆಯುವವರಿದ್ದಾರೆ. ಅದರ ಮುಂದೆ ನಿಂತು ತಮ್ಮ ಕಷ್ಟವನ್ನು ಅರಿಕೆ ಮಾಡಿಕೊಳ್ಳುವವರಿದ್ದಾರೆ. ಒಬ್ಬನು ಕೈಮುಗಿಯುವ ವಸ್ತುವನ್ನು ಇನ್ನೊಬ್ಬನು ಚಪ್ಪಲಿಯ ಕಪಾಟಿನ ಮೇಲ್ಗಡೆ ಮೊಳೆಹೊಡೆದು ತೂಗಹಾಕುವುದು ಒಂದೇ ಊರಿನಲ್ಲಿ ಬಾಳುವವರಿಗೆ ತಕ್ಕುದಲ್ಲ. ಈ ನಾಡಿನ ಗುರುತು ಗೋಡೆಯ ಮೇಲಿರಬೇಕೆಂಬ ಆಸೆಯು ಒಳ್ಳೆಯದೇ, ಅದಕ್ಕೆ ಯಕ್ಷಗಾನವಿದೆ. ತೆಂಕುತಿಟ್ಟಿನ ಬಣ್ಣದ ವೇಷವೊಂದರ ಒಳ್ಳೆಯ ಛಾಯಾಚಿತ್ರವಾಗಲಿ, ನಮ್ಮ ಜಿಲ್ಲೆಯ ಚಿತ್ರಗಾರನೊಬ್ಬನು ಬರೆದ ವೇಷದ ಚಿತ್ರವಾಗಲಿ ಇಡೀ ಚಾವಡಿಯನ್ನು ತುಂಬಬಲ್ಲುದು. ಅದು ನೋಡುವುದಕ್ಕಾಗಿಯೇ ಕಟ್ಟಿದ ವೇಷ. ನೋಡಿದರೆ ಅದಕ್ಕೆ ಸಂತೋಷ.

ಮೂಲ ಚಿತ್ರವನ್ನು ಕೊಳ್ಳುವುದು ಶ್ರೀಮಂತರ ಕೆಲಸವೆಂಬ ಭಾವನೆಯೂ ಸರಿಯಲ್ಲ. ಬೆಂಗಳೂರಿನಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ನಡೆಯಿಸುತ್ತ ಬಂದಿರುವ ಚಿತ್ರಸಂತೆಯಲ್ಲಿ ತರುಣ ಕಲಾವಿದರು ರಸ್ತೆಯ ಬದಿಯಲ್ಲಿಯೇ ತಮ್ಮ ಚಿತ್ರಗಳನ್ನು ಮಾರುವರು. ಮಂಗಳೂರಿನ ಚಿತ್ರಕಲಾ ಶಾಲೆಗಳ ವಿದ್ಯಾರ್ಥಿಗಳ ಪ್ರದರ್ಶನಗಳಲ್ಲಿಯೂ ಕೈಗೆಟಕುವ ಬೆಲೆಗೆ ಒಳ್ಳೆಯ ಚಿತ್ರಗಳು ದೊರೆಯುವುವು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ ಜಗತ್ಪ್ರಸಿದ್ಧರಾದ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿದವರಿಗೆ, ಬಿಳಿಯ ಕಾಗದದ ಮೇಲೆ ಒಂದು ಕಪ್ಪುಗೆರೆಯು ಎಷ್ಟನ್ನು ಹೇಳಬಹುದೆಂಬುದು ತಿಳಿದಿರುವುದು. ಅಂತಹ ಚಿತ್ರದ ಒಂದು ಒಳ್ಳೆಯ ಮುದ್ರಿತ ಪ್ರತಿಯು, ಸೋಫಾದ ಬಣ್ಣಕ್ಕೆ ಹೊಂದಿಸಿ ಕಾರ್ಖಾನೆಯಲ್ಲಿ ಅಚ್ಚುಮಾಡಿದ ಹೂಗುಚ್ಛಗಳ ಹತ್ತು ಹಲಗೆಗಳಿಗಿಂತ ಮೇಲು. ಮಲೆನಾಡಿನ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಯ ಹಿಟ್ಟಿನಿಂದ ಬರೆಯುವ ಹಸೆ ಚಿತ್ತಾರವೂ ಇಂದು ಕಾಗದದ ಮೇಲೆ ಬರುತ್ತಿದೆ. ಕೆಂಪುಗಾರೆಯ ನೆಲವಿರುವ ಕೋಣೆಗೆ ಅದು ಚೆನ್ನಾಗಿ ಒಪ್ಪುವುದು.

ಮಕ್ಕಳ ಕೈಯ ಚಿತ್ರಗಳನ್ನು ಮರೆಯಬಾರದು. ಪುತ್ತೂರಿನ ಪರ್ಲಡ್ಕದ ಬಾಲವನದಲ್ಲಿ ಡಾ. ಶಿವರಾಮ ಕಾರಂತರು (1902–1997) ಬಹುಕಾಲ ಬಾಳಿ, ಮಕ್ಕಳ ಆಟಪಾಠಗಳ ಹೊಸ ಪ್ರಯೋಗಗಳನ್ನು ನಡೆಯಿಸಿದರು. ಅಂತಹ ಊರಿನಲ್ಲಿ ಮಕ್ಕಳ ಚಿತ್ರಕ್ಕೆ ಶೀತಪೆಟ್ಟಿಗೆಯ ಬಾಗಿಲೇ ಗತಿಯಾಗಬಾರದು. ಊಟದ ಕೋಣೆಯಲ್ಲಿ ಒಂದು ಒಳ್ಳೆಯ ಚೌಕಟ್ಟನ್ನು ಅವರಿಗಾಗಿಯೇ ಇಟ್ಟು, ತಿಂಗಳಿಗೊಮ್ಮೆ ಒಳಗಿನ ಕಾಗದವನ್ನು ಬದಲಿಸುತ್ತ ಬಂದರೆ, ಮುಂದಿನ ತಿಂಗಳಿನದು ಹಿಂದಿನದಕ್ಕಿಂತ ಮೇಲಾಗಬೇಕೆಂದು ಮಗುವು ತಾನೇ ಎಣಿಸುವುದು.

ಚಿತ್ರವನ್ನು ತಂದರಾಯಿತೇ? ಅದನ್ನು ಮಳೆಯಿಂದ ಉಳಿಸಿಕೊಳ್ಳಬೇಕು. ಮಂಗಳೂರಿನ ಸಂತ ಎಲೋಶಿಯಸ್ ಕಾಲೇಜಿನ ದೇವಾಲಯದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಟಲಿಯ ಮೊಸ್ಕೆನಿಯು ಬರೆದ ಸುಪ್ರಸಿದ್ಧ ಚಿತ್ರಗಳನ್ನೂ ತರುವಾಯ ತಜ್ಞರ ಕೈಯಿಂದ ದುರಸ್ತಿ ಮಾಡಿಸಬೇಕಾಯಿತೆಂದ ಮೇಲೆ ನಮ್ಮ ಕಾಗದದ ಚಿತ್ರಗಳ ಪಾಡೇನು? ಹೊಸ ಮನೆಯ ಗಾರೆಯ ಗೋಡೆಗಳು ಬಹಳ ಕಾಲ ನೀರನ್ನು ಹಿಡಿದಿಟ್ಟುಕೊಂಡಿರುವುವು. ಆದುದರಿಂದ ಮೊದಲನೆಯ ಮಳೆಗಾಲವು ಕಳೆಯುವ ತನಕ ಬೆಲೆಬಾಳುವ ಚಿತ್ರವನ್ನು ತೂಗಹಾಕದಿರುವುದೇ ಲೇಸು. ಮಳೆಯು ಬಡಿಯುವ ನೈಋತ್ಯದ ಹೊರಗೋಡೆಯನ್ನು ಬಿಟ್ಟು ಒಳಗೋಡೆಯನ್ನೇ ಆರಿಸಬೇಕು. ಚೌಕಟ್ಟಿನ ಹಿಂದೆ, ಕೆಳಗಿನ ಎರಡು ಮೂಲೆಗಳಿಗೆ ಬಿರಡೆಯ ಚೂರುಗಳನ್ನು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುವುದು. ಗಾಜು ಕಾಗದಕ್ಕೆ ತಾಗದಂತೆ ನಡುವೆ ದಪ್ಪ ಕಾಗದದ ಅಂಚನ್ನು ಕೊಡುವಂತೆ ಕಟ್ಟುವವನಿಗೆ ಹೇಳಬೇಕು. ಇಲ್ಲವಾದರೆ ತೇವಕ್ಕೆ ಚಿತ್ರವು ಗಾಜಿಗೆ ಅಂಟಿ, ಬಿಡಿಸುವಾಗ ಮುಖವೇ ಕಿತ್ತುಬರುವುದು. ಅಜ್ಜ ಅಜ್ಜಿಯರ ಒಂದೇ ಒಂದು ಭಾವಚಿತ್ರವು ಹೀಗೆ ಹಾಳಾದ ಮನೆಗಳು ಎಷ್ಟೋ. ಅಂತಹ ಹಳೆಯ ಚಿತ್ರವನ್ನು ಈಗಲೇ ಸ್ಕ್ಯಾನ್ ಮಾಡಿಸಿ, ಪ್ರತಿಯನ್ನು ಗೋಡೆಗೆ ಹಾಕಿ, ಮೂಲವನ್ನು ಒಣಗಿದ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿರಿ. ಶ್ರಾವಣದ ಬಿಸಿಲು ಕಂಡೊಡನೆ ಎಲ್ಲ ಚೌಕಟ್ಟುಗಳನ್ನೂ ಇಳಿಸಿ ಹಿಂಬದಿಯನ್ನು ಒರಸಿ ನೋಡುವ ರೂಢಿಯಿದ್ದರೆ ಒರಲೆಗೂ ಬೂಸಲಿಗೂ ಅವಕಾಶವಿರದು.

ಕಡೆಯದಾಗಿ ಹಳೆಯ ವಸ್ತುಗಳ ವಿಚಾರ. ಹಿರಿಯರ ಮನೆಯು ಪಾಲಾಗುವಾಗ ಜಮೀನಿನ ಒಂದು ಸೆಂಟ್ಸಿಗಾಗಿ ತಿಂಗಳುಗಟ್ಟಲೆ ಮಾತು ನಡೆಯುವುದು. ಪೆಟ್ಟಿಗೆ, ಪತ್ತಾಯ, ಆರಾಮಕುರ್ಚಿ, ಕಂಚಿನ ಪಾತ್ರೆಗಳನ್ನು ಮಾತ್ರ ಗುಜರಿಯವನಿಗೆ ಒಂದೇ ಮಾತಿಗೆ ಕೊಟ್ಟುಬಿಡುವರು. ಅದೇ ಪೆಟ್ಟಿಗೆಯು ತಿಕ್ಕಿ ಹೊಳಪೇರಿಸಿಕೊಂಡು ದೊಡ್ಡ ನಗರದ ಅಂಗಡಿಯಲ್ಲಿ ಹತ್ತು ಪಾಲು ಬೆಲೆಗೆ ನಿಲ್ಲುವುದು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನೇ ಬಿಚ್ಚಿ ತಂದು ಪುನಃ ಕಟ್ಟಿ ಹಸ್ತಶಿಲ್ಪ ಗ್ರಾಮವನ್ನು ನಿರ್ಮಿಸಿದರು. ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ತುಳುವರ ಮನೆಬಳಕೆಯ ವಸ್ತುಗಳನ್ನು ಕೂಡಿಟ್ಟಿದ್ದಾರೆ. ಮಕ್ಕಳನ್ನು ಕರೆದುಕೊಂಡು ಇವುಗಳನ್ನು ಒಮ್ಮೆ ನೋಡಿ ಬರುವುದು ಒಳ್ಳೆಯದು. ಆದರೆ ನಮ್ಮ ಅಜ್ಜಿಯ ಪೆಟ್ಟಿಗೆಯನ್ನು ಸಂಗ್ರಹಾಲಯದಲ್ಲಿ ನೋಡುವುದಕ್ಕಿಂತ, ಅದರೊಳಗೆ ನಮ್ಮ ಹೊದಿಕೆಗಳನ್ನಿ‌ಟ್ಟು ಮೇಲೆ ಕುಳಿತು ಮಾತಾಡುವುದು ಇನ್ನೂ ಮೇಲಲ್ಲವೇ? ಎಲ್ಲವನ್ನೂ ತಂದು ತುಂಬಿ ಚಾವಡಿಯನ್ನು ಉಗ್ರಾಣ ಮಾಡಬೇಕೆಂದು ನಮ್ಮ ಅಭಿಪ್ರಾಯವಲ್ಲ. ಇಂದಿಗೂ ಕೆಲಸಕ್ಕೆ ಬರುವ ಒಂದೆರಡನ್ನು ಆರಿಸಿ, ಮುರಿದುದನ್ನು ಆಚಾರಿಯಿಂದ ಸರಿಮಾಡಿಸಿ ಬಳಸಿದರೆ ಸಾಕು. ತೂತು ಬಿದ್ದ ಹಂಡೆಗೆ ಹೊಳಪು ಹಾಕಿಸಿ ನಡುಮನೆಯಲ್ಲಿ ನಿಲ್ಲಿಸುವುದರಲ್ಲಿ ಹೆಚ್ಚಿನ ಅರ್ಥವಿಲ್ಲ.

ಕೊಳ್ಳುವ ಕ್ರಮವನ್ನು ಸಂಗ್ರಹವಾಗಿ ಹೇಳುವುದಾದರೆ, ಒಕ್ಕಲಿನ ದಿನಕ್ಕೆ ಬೇಕಾದುದು ಮನೆಯವರೆಲ್ಲರೂ ಕೂರುವ ಒಂದು ಊಟದ ಮೇಜು, ಹಿರಿಯರಿಗೆ ಒಂದು ಎತ್ತರದ ಕುರ್ಚಿ, ಒಂದೆರಡು ಬೆಂಚು, ಸಾಕಷ್ಟು ಚಾಪೆಗಳು, ಒಳ್ಳೆಯ ಬೆಳಕು. ಉಳಿದುದೆಲ್ಲವೂ ಒಂದು ಮಳೆಗಾಲವನ್ನು ಕಾಯಬಹುದು. ಆ ವರ್ಷದಲ್ಲಿ ಬಿಸಿಲು ಯಾವ ಕಿಟಕಿಯಿಂದ ಬರುವುದು, ಎರಚಲು ಎಲ್ಲಿಗೆ ಬಡಿಯುವುದು, ಮಕ್ಕಳು ಎಲ್ಲಿ ಕುಳಿತು ಓದುವರು, ಅಜ್ಜನು ಎಲ್ಲಿ ಕುಳಿತು ಕವಳ ಹಾಕುವನು ಎಂಬುದೆಲ್ಲ ತಾನಾಗಿ ತಿಳಿದುಬರುವುದು. ಅಷ್ಟರವರೆಗೆ ಗೋಡೆಯು ಬರಿದಾಗಿದ್ದರೆ ನಾಚಿಕೆಪಡಬೇಕಾದುದೇನೂ ಇಲ್ಲ. ಕೇಳಿದವರಿಗೆ ಗೋಡೆಯಿನ್ನೂ ಒಣಗಬೇಕಷ್ಟೆ ಎಂದು ಧಾರಾಳವಾಗಿ ಹೇಳಬಹುದು. ಮರುವರ್ಷ ತುಳಸಿಪೂಜೆಯ ಹೊತ್ತಿಗೆ ಮನೆಯವರೆಲ್ಲರೂ ಕೂಡಿ, ಮಕ್ಕಳ ಮಾತನ್ನೂ ಕೇಳಿ, ಒಂದು ಚಿತ್ರವನ್ನು ಆರಿಸಿ ತಂದು ತೂಗಹಾಕಿದರೆ ಆ ಕೋಣೆಯು ನಿಜವಾಗಿ ಅವರದಾಗುವುದೆಂದು ನಾವು ನಂಬುತ್ತೇವೆ.